ಮುಚ್ಚಿದ ಬಾಗಿಲಿನ ದೃಶ್ಯ

ಮಾರ್ಚ್ 3, ಸೋಮವಾರ

ಇಂದು ಒಮ್ಮೆಯೂ ನಗು ಬರಲಿಲ್ಲ. ಹೀಗೆ ಬರೆದರೆ ದೊಡ್ಡ ದುಃಖದ ಮಾತಿನಂತೆ ಕಾಣುತ್ತದೆ. ಹಾಗೇನಿಲ್ಲ. ನಗಿಸಬೇಕಾದ ಸಿನಿಮಾವೊಂದರ ಮುಕ್ಕಾಲು ಭಾಗವನ್ನು ಬೆಳಗಿನಿಂದ ಸ್ಟುಡಿಯೋದಲ್ಲಿ ಕೂತು ನೋಡಿದೆ. ತುಟಿ ಅಲ್ಲಾಡಲಿಲ್ಲ, ಅಷ್ಟೆ.

ಬೇರೆ ಯಾರದಾದರೂ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ದೊಡ್ಡವರದು. ಎಲ್ಲರೂ ಅವರನ್ನು ಕರೆಯುವುದೇ ಹಾಗೆ, ನಾನೂ ಹಾಗೆಯೇ. ಅವರ ಮೊದಲ ಮೂರು ಸಿನಿಮಾ ಬಂದಾಗ ನಾನಿನ್ನೂ ಓದುತ್ತಿದ್ದೆ. ಹಾಸ್ಟೆಲಿನ ಹುಡುಗಿಯರು ಸಾಲಾಗಿ ಹೋಗಿ ನೋಡಿ, ಬರುವಾಗ ಒಬ್ಬರೊಂದಿಗೊಬ್ಬರು ಮಾತಾಡದೆ ನಡೆದು ಬಂದಿದ್ದೆವು. ಅವರ ಸಿನಿಮಾದಲ್ಲಿ ಗಂಡು ಹೆಣ್ಣು ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬರು ಲೋಟ ಇಟ್ಟ ರೀತಿಯಲ್ಲೇ ಇನ್ನೊಬ್ಬರಿಗೆ ಎಲ್ಲ ತಿಳಿಯುತ್ತಿತ್ತು. ನಾಲ್ಕನೆಯ ಸಿನಿಮಾಕ್ಕೆ ನನ್ನನ್ನು ಕರೆದು ಎಡಿಟಿಂಗಿಗೆ ಕೂರಿಸಿದರು. ಅಂದಿನಿಂದ ಅವರ ಎಲ್ಲ ಸಿನಿಮಾ ನನ್ನ ಕೈಯಿಂದಲೇ ಹೋಗಿವೆ. ನನ್ನ ಹೆಸರನ್ನೇ ಮರೆತವರಂತೆ ‘ಕತ್ತರಿ’ ಎಂದು ಕರೆಯುತ್ತಾರೆ.

ಎಷ್ಟೋ ವರ್ಷ ಸುಮ್ಮನಿದ್ದು ಈಗ ಪ್ರೇಮದ ಹಾಸ್ಯಚಿತ್ರ ಮಾಡಿದ್ದಾರೆ. ಹೆಸರು ‘ಮೇಲ್ಮನೆ ಕೆಳಮನೆ’. ಹೆಸರು ಕೇಳಿದವರೆಲ್ಲ ರಾಜಕೀಯದ ಸಿನಿಮಾನಾ ಅನ್ನುತ್ತಾರೆ. ಅಲ್ಲ. ಮೇಲಿನ ಮನೆಯ ಹುಡುಗಿ ಗಿಡಕ್ಕೆ ನೀರು ಹಾಕುತ್ತಾಳೆ, ಅದು ಕೆಳಗಿನ ಮನೆಯ ಹುಡುಗ ಒಣಹಾಕಿದ ಅಂಗಿಯ ಮೇಲೆ ಸುರಿಯುತ್ತದೆ, ಜಗಳ, ಆಮೇಲೆ ಪ್ರೀತಿ. ಹುಡುಗ ಹುಡುಗಿ ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಮಾತು, ಮಾತು, ಬರೀ ಮಾತು.

ನನಗೆ ದಣಿವಾಗಿರಬೇಕು. ನಾಳೆ ಮತ್ತೆ ನೋಡುತ್ತೇನೆ.

ಮಾರ್ಚ್ 5, ಬುಧವಾರ

ಮತ್ತೆ ನೋಡಿದೆ. ದಣಿವಲ್ಲ.

ಊಟಕ್ಕೆ ಕೂತಾಗ ನಮ್ಮನೆಯವರಿಗೆ ಕಥೆ ಹೇಳಿದೆ, ಬೇರೆಯವರಿಗೆ ಹೇಗನ್ನಿಸುತ್ತದೋ ನೋಡೋಣವೆಂದು. ಹುಡುಗ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಜಗಳಕ್ಕೆ ಹೋಗುತ್ತಾನೆ, ಬಾಗಿಲು ತೆಗೆಯುವ ಹೊತ್ತಿಗೆ ಬೈಯಲು ಉಸಿರೇ ಇರುವುದಿಲ್ಲ ಎಂದು ಹೇಳಿದೆ.

“ಅಷ್ಟು ದೊಡ್ಡ ಕಟ್ಟಡಕ್ಕೆ ಲಿಫ್ಟ್ ಇಲ್ವಾ?” ಎಂದರು.

ಲಿಫ್ಟ್ ಕಂಪನಿಯಲ್ಲಿ ದುಡಿಯುವವರನ್ನು ಕೇಳಿದ್ದು ನನ್ನದೇ ತಪ್ಪು. ತಟ್ಟೆ ಎತ್ತಿಟ್ಟು ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತೆ. ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆಯೇ ನನ್ನ ಎರಡನೇ ಸ್ಟುಡಿಯೋ.

ಮಾರ್ಚ್ 9, ಭಾನುವಾರ

ತಲೆಬುಡ ತಿಳಿಯದ ದಿನ. ಬೆಳಿಗ್ಗೆ ಇವರು ಪೇಪರ್ ಮಡಿಸಿಟ್ಟು, “ಏಪ್ರಿಲ್ ಹದಿನಾಲ್ಕಕ್ಕೆ ಹೋಗಿ ಸೇರ್ಕೋಬೇಕು. ಅಲ್ಲೊಂದು ಮನೆ ನೋಡಿಟ್ಟಿದ್ದಾರಂತೆ,” ಎಂದರು.

“ಎಲ್ಲಿ?”

ನನ್ನ ಮುಖವನ್ನೇ ನೋಡಿದರು. “ಹೊಸ ಶಾಖೆ. ವರ್ಗ ಆಗಿದೆಯಲ್ಲ.”

ರೈಲಿನಲ್ಲಿ ಒಂದು ಹಗಲು ಪೂರ್ತಿ ಬೇಕಾಗುವ ಊರು. ಮೂರು ವರ್ಷ. ಇಷ್ಟು ದೊಡ್ಡ ವಿಷಯವನ್ನು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದಾರೆ. ನಾನೇನೂ ಹೇಳಲಿಲ್ಲ. ಕೇಳದೇ ಇದ್ದವರಿಗೆ ಹೇಳುವುದು ಏನು? ಸ್ವಲ್ಪ ಹೊತ್ತು ಬಿಟ್ಟು, “ನೀನು ಬರೋದು ಬೇಡ. ನಿನ್ನ ಕೆಲಸ ಎಲ್ಲಾ ಇಲ್ಲೇ ಇದೆ,” ಎಂದರು. ನನ್ನ ಅನುಕೂಲಕ್ಕೆ ಹೇಳಿದ್ದೋ, ಬರಬೇಡ ಎಂದೇ ಹೇಳಿದ್ದೋ ಗೊತ್ತಾಗಲಿಲ್ಲ. ದನಿ ಎರಡಕ್ಕೂ ಹೊಂದುವಂತಿತ್ತು.

ಇರಲಿ. ಮಧ್ಯಾಹ್ನ ಬಾಗಿಲಿನ ದೃಶ್ಯಕ್ಕೆ ಕೈ ಹಾಕಿದೆ. ಇಡೀ ಸಿನಿಮಾದಲ್ಲಿ ಅತ್ಯಂತ ಸಪ್ಪೆಯಾದದ್ದು ಅದೇ. ಹುಡುಗ ಮೇಲೆ ಹೋಗಿ ಹುಡುಗಿಯ ಮುಚ್ಚಿದ ಬಾಗಿಲ ಮುಂದೆ ನಿಂತು ಕ್ಷಮೆ ಕೇಳುತ್ತಾನೆ. ಕೇಳುತ್ತಲೇ ಇರುತ್ತಾನೆ. ತನ್ನ ಬಾಲ್ಯ, ತನ್ನ ಅಂಗಿ, ತನ್ನ ಭಯ, ಎಲ್ಲ ಹೇಳುತ್ತಾನೆ. ಹುಡುಗಿ ಹಿಂದಿನ ಮೆಟ್ಟಿಲಿಂದ ಇಳಿದು ಯಾವಾಗಲೋ ಹೋಗಿಬಿಟ್ಟಿದ್ದಾಳೆ. ಇದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಂದು ನಿಮಿಷಕ್ಕೆ ಮುಗಿಯಬೇಕಾದ ತಮಾಷೆ, ಎಳೆದು ಎಳೆದು ರಬ್ಬರ್ ಆಗಿದೆ. ಮುಕ್ಕಾಲು ಪಾಲು ಕತ್ತರಿಸಿ ಎಸೆದೆ. ಕೈಗೆ ಹಿತವಾಯಿತು.

ಮಾರ್ಚ್ 14, ಶುಕ್ರವಾರ

ದೊಡ್ಡವರು ಬಂದಿದ್ದರು. ಎಂದಿನ ಹಾಗೆ ಹಿಂದಿನ ಸೋಫಾದಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತರು. ನಾನು ಪರದೆ ನೋಡದೆ ಅವರನ್ನೇ ನೋಡಿದೆ. ಅವರು ನಗುತ್ತಿದ್ದರು. ತಾವೇ ಬರೆದ ಮಾತಿಗೆ ತಾವೇ, ಮಾತು ಬರುವುದಕ್ಕಿಂತ ಮೊದಲೇ. ನೋಡಬಾರದ್ದನ್ನು ನೋಡಿದಂತಾಗಿ ಕಣ್ಣು ತಿರುಗಿಸಿಕೊಂಡೆ.

ಬಾಗಿಲಿನ ದೃಶ್ಯ ಬಂತು, ಹೋಯಿತು.

“ಎಲ್ಲಿ ಹೋಯ್ತು ಅದು?” ಎಂದರು.

“ಚಿಕ್ಕದು ಮಾಡಿದೀನಿ ಸರ್.”

“ಚಿಕ್ಕದಲ್ಲ, ಕೊಂದು ಹಾಕಿದೀಯ. ಪೂರ್ತಿ ವಾಪಸ್ ಹಾಕು.”

“ಉದ್ದ ಆಗುತ್ತೆ ಸರ್.”

“ಆಗ್ಲಿ. ಜನ ನಗ್ತಾರೆ.”

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿ ಇರುತ್ತಿತ್ತು. ಇಷ್ಟು ವರ್ಷ ಮುಚ್ಚಿಕೊಂಡೇ ಬಂದವಳು ನಾನು. ಬಾಯಿ ಬಿಡಬೇಕಾದ ಸಂದರ್ಭ ಬಂದೇ ಇರಲಿಲ್ಲ. “ನನಗೆ ನಗು ಬರಲಿಲ್ಲ ಸರ್,” ಎಂದುಬಿಟ್ಟೆ.

“ಈ ದೃಶ್ಯಕ್ಕಾ?”

“ಇಡೀ ಸಿನಿಮಾಕ್ಕೆ.”

ಅವರು ಸಿಟ್ಟಾಗಲಿಲ್ಲ. ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದರು. ಒಂದು ಸೋಫಾದಡಿಗೆ ಸರಿದಿತ್ತು. ನಾನು ಬಗ್ಗಿ ತೆಗೆದುಕೊಡಲು ಹೋದರೆ, “ಬಿಡು, ಬಿಡು,” ಎಂದು ತಾವೇ ಕಾಲಿನಿಂದ ಎಳೆದುಕೊಂಡು ಹೊರಟುಹೋದರು.

ಮಾರ್ಚ್ 15, ಶನಿವಾರ

ಫೋನ್ ಇಲ್ಲ. ನಾನೂ ಮಾಡಲಿಲ್ಲ. ಹೇಳಿದ್ದು ಸರಿಯೋ ತಪ್ಪೋ. ಸಿನಿಮಾ ಕೆಟ್ಟಿದೆಯೋ ನಾನೇ ಕೆಟ್ಟಿದ್ದೇನೋ. ನನಗೀಗ ಯಾವುದಕ್ಕೂ ನಗು ಬಾರದಿದ್ದರೆ ಅದಕ್ಕೆ ಪಾಪ ಅವರೇನು ಮಾಡಿಯಾರು?

ಮಾರ್ಚ್ 17, ಸೋಮವಾರ

ನಿರ್ಮಾಪಕರು ಫೋನ್ ಮಾಡಿದ್ದರು. “ಏನಮ್ಮ, ದೊಡ್ಡೋರು ಮನೆ ಬಿಟ್ಟು ಹೊರಗೇ ಬರ್ತಿಲ್ವಂತೆ? ಸಿನಿಮಾ ಹೆಂಗಿದೆ?” ಎಂದರು. ಚೆನ್ನಾಗಿದೆ ಎಂದೆ. ಸುಳ್ಳು ಹೇಳುವುದು ಎಷ್ಟು ಸಲೀಸು. ಇದೇ ಮಾತನ್ನು ಶುಕ್ರವಾರ ಹೇಳಬಾರದಿತ್ತೇ?

ಸಂಜೆ ಇವರು ಕೇಳಿದರು, “ಏನಾಯ್ತು? ಮುಖ ಒಂಥರಾ ಇದೆ.” ಎಲ್ಲ ಹೇಳಿದೆ. ಗಮನವಿಟ್ಟು ಕೇಳಿಸಿಕೊಂಡರು. “ಅವರಿಗೆ ಬೇಕಾಗಿತ್ತೋ ಇಲ್ವೋ, ನಿನಗೆ ಹೇಳಬೇಕಾಗಿತ್ತು. ಹೇಳಿದೆ,” ಎಂದರು. ಇದು ಸಮಾಧಾನವೋ ಅಲ್ಲವೋ ತಿಳಿಯಲಿಲ್ಲ, ಆದರೆ ಆಮೇಲೆ ಹಸಿವಾಯಿತು.

ಮಾರ್ಚ್ 19, ಬುಧವಾರ

ನಾನು ಹೋಗುವ ಮೊದಲೇ ದೊಡ್ಡವರು ಬಂದು ಕೂತಿದ್ದರು. ಹಿಂದಿನ ಸೋಫಾದಲ್ಲಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ. ಗಡ್ಡ ತೆಗೆದಿರಲಿಲ್ಲ.

“ಮೊದಲಿಂದ ಹಾಕು. ಎಲ್ಲೆಲ್ಲಿ ಸುಳ್ಳು ಅನ್ಸುತ್ತೋ ಅಲ್ಲಿ ಕೈ ಎತ್ತು. ಮಾತಾಡ್ಬೇಡ.”

ನಾನು ಶಾಲೆಯ ಹುಡುಗಿಯಂತೆ ಕೈ ಎತ್ತುತ್ತ ಹೋದೆ. ಗಿಡದ ನೀರಿಗೆ ಎತ್ತಿದೆ. ಹುಡುಗಿ ನೆಲ ಒರೆಸುತ್ತ ಹಾಡುವಲ್ಲಿ ಎತ್ತಿದೆ. ಮೆಟ್ಟಿಲ ಮೇಲೆ ಡಿಕ್ಕಿ ಹೊಡೆಯುವಲ್ಲಿ ನಾನು ಎತ್ತುವ ಮೊದಲೇ ಅವರ ಕೈ ಮೇಲಿತ್ತು. ಮಧ್ಯಂತರದ ಹೊತ್ತಿಗೆ ಭುಜ ನೋಯತೊಡಗಿತು. ಅವರು ಸಿನಿಮಾ ನಿಲ್ಲಿಸಿ, “ಸಾಕು, ನಿನ್ನ ಕೈ ಬಿದ್ದುಹೋಗುತ್ತೆ,” ಎಂದರು.

ನಾನು ಭುಜ ತಿಕ್ಕಿಕೊಂಡೆ.

“ನನ್ನ ಹೆಂಡತಿ ಕೇಳಿದ್ಲು,” ಎಂದರು. “ಇಷ್ಟು ವರ್ಷ ಎಲ್ಲರನ್ನೂ ಅಳಿಸಿದ್ದು ಸಾಕು, ಒಂದು ಸಲ ನಗೋ ಹಾಗೆ ಮಾಡಿ ಅಂತ. ಅವಳು ನನ್ನ ಹತ್ರ ಕೇಳಿದ್ದೇ ಕಡಿಮೆ. ಮಾಡೋಣ ಅಂತ ಕೂತೆ. ಬರೀವಾಗ ಸುಲಭ ಅನ್ನಿಸ್ತು. ಸುಲಭ ಅನ್ನಿಸಿದಾಗ್ಲೇ ಗೊತ್ತಾಗ್ಬೇಕಿತ್ತು.”

“ನಾನು ಹಾಗೆ ಹೇಳಬಾರದಿತ್ತು ಸರ್.”

“ಹೇಳೋದಿಲ್ಲ ಅಂದ್ರೆ ನೀನೇ ಯಾಕೆ ಬೇಕು? ಯಾವ ಕತ್ತರಿ ಇಟ್ಕೊಂಡಿದ್ರೂ ಆಗ್ತಿತ್ತಲ್ಲ.”

ಮತ್ತೆ ಚಿತ್ರೀಕರಣಕ್ಕೆ ದುಡ್ಡಿಲ್ಲ, ದಿನವೂ ಇಲ್ಲ. ಇರುವುದರಲ್ಲೇ ಆದಷ್ಟು ಮಾತು ತೆಗೆದುಹಾಕುವುದೆಂದು ತೀರ್ಮಾನವಾಯಿತು. ಬಾಗಿಲಿನ ದೃಶ್ಯವನ್ನು ಮಾತ್ರ ಪೂರ್ತಿ ಇಡಬೇಕಂತೆ. ಯಾಕೆ ಎಂದು ಕೇಳಿದೆ.

“ಗೊತ್ತಿಲ್ಲ. ಅದನ್ನ ಬರೀವಾಗ ಯಾರನ್ನೂ ನಗಿಸ್ಬೇಕು ಅಂತ ಇರಲಿಲ್ಲ.”

ಅರ್ಥವಾಗಲಿಲ್ಲ. ಆದರೂ ವಾಪಸ್ ಹಾಕಿದೆ. ಈಗಲೂ ರಬ್ಬರೇ.

ಏಪ್ರಿಲ್ 2, ಬುಧವಾರ

ಎಡಿಟಿಂಗ್ ಮುಗಿದು ಸಿನಿಮಾ ನನ್ನ ಕೈಯಿಂದ ಹೋಯಿತು. ಮೊದಲಿಗಿಂತ ಚಿಕ್ಕದಾಗಿದೆ, ಚುರುಕಾಗಿದೆ. ಚೆನ್ನಾಗಿದೆಯೇ? ಇಲ್ಲ. ಕೆಟ್ಟದ್ದನ್ನು ನಾಜೂಕಾಗಿ ಮಾಡಿದ್ದೇನೆ, ಅಷ್ಟೆ.

ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಇವರು ಅಡುಗೆಮನೆಯ ಬಾಗಿಲಲ್ಲಿ ಚಿಕ್ಕ ಕುಕ್ಕರ್ ಹಿಡಿದು ನಿಂತು, “ಇದನ್ನ ತಗೊಂಡು ಹೋಗ್ಲಾ?” ಎಂದು ಕೇಳಿದರು, ಪಕ್ಕದ ಮನೆಯವರು ಕೇಳುವ ಹಾಗೆ.

“ದೊಡ್ಡದನ್ನೇ ತಗೊಳ್ಳಿ.”

“ಒಬ್ಬನಿಗೆ ದೊಡ್ಡದು ಯಾಕೆ?”

“ಯಾರಾದ್ರೂ ಬಂದ್ರೆ?”

“ಯಾರು ಬರ್ತಾರೆ?” ಎಂದು ಚಿಕ್ಕದನ್ನೇ ಹಳೆಯ ಟವೆಲ್ಲಿನಲ್ಲಿ ಸುತ್ತಿದರು.

ನನಗೆ ಇದ್ದಕ್ಕಿದ್ದಂತೆ ರೇಗಿತು. ಯಾರ ಮೇಲೆ, ಯಾತಕ್ಕೆ ಎಂದು ಕೇಳಿದರೆ ಹೇಳಲಾರೆ. ಕುಕ್ಕರಿನ ಮೇಲಂತೂ ಅಲ್ಲ.

ಏಪ್ರಿಲ್ 10, ಗುರುವಾರ

ಇಂದಿನದನ್ನು ಸರಿಯಾಗಿ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಮಧ್ಯಾಹ್ನ ಬೇಕಾದವರಿಗಾಗಿ ಒಂದು ಪ್ರದರ್ಶನವಿತ್ತು. ಇವರೂ ಬಂದರು. ಚಿತ್ರಮಂದಿರ ತುಂಬಿತ್ತು, ಎಲ್ಲರೂ ಗೊತ್ತಿರುವವರು, ಗೊತ್ತಿರುವವರು ನಗುವ ಹಾಗೆ ಎಲ್ಲರೂ ನಕ್ಕರು. ನಿರ್ಮಾಪಕರು ಹಿಂದೆ ತಿರುಗಿ ತಿರುಗಿ ಯಾರು ನಗಲಿಲ್ಲ ಎಂದು ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡವರ ಹೆಂಡತಿ. ಅವರ ತಲೆ ಅಲ್ಲಾಡಲಿಲ್ಲ.

ಬಾಗಿಲಿನ ದೃಶ್ಯ ಬಂತು. ಒಂದು ನಿಮಿಷ ಕಳೆಯುವ ಹೊತ್ತಿಗೆ ಸುಳ್ಳು ನಗುವಿನವರೂ ಸೋತು ಸುಮ್ಮನಾದರು. ಯಾರೋ ಕೆಮ್ಮಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಗ ನನ್ನ ಪಕ್ಕದಲ್ಲಿ ಇವರು ನಕ್ಕರು. ಮೆಲ್ಲಗೆ ಶುರುವಾದದ್ದು ತಡೆಯಲಾಗದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಆ ಮೌನದಲ್ಲಿ ಇವರೊಬ್ಬರದೇ ನಗು. ದೊಡ್ಡವರು ತಿರುಗಿ ನೋಡಿದರು.

ಮುಗಿದ ಮೇಲೆ ಹೊರಗೆ ದೊಡ್ಡವರ ಹೆಂಡತಿ ನನ್ನ ಮೊಣಕೈ ಹಿಡಿದು ಕಂಬದ ಮರೆಗೆ ಎಳೆದುಕೊಂಡರು.

“ನಿಜ ಹೇಳು. ನಿನಗೆ ನಗು ಬಂತಾ?”

“ಇಲ್ಲ ಅಕ್ಕ.”

“ನನಗೂ ಇಲ್ಲ ಕಣೆ. ತುಂಬ ಚೆನ್ನಾಗಿದೆ ಅಂದಿದೀನಿ. ಅವರು ನಂಬಿದ ಹಾಗೆ ಇದ್ದಾರೆ. ನಂಬಿಲ್ಲ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು.” ಹೀಗೆಂದು ನನ್ನ ಕೆನ್ನೆ ತಟ್ಟಿದರು. “ಈಗ ಇಬ್ಬರೂ ಮನೆಗೆ ಹೋಗಿ ಕಾಫಿ ಕುಡೀತೀವಿ. ನನಗಾಗಿ ಮಾಡಿದ್ರಲ್ಲ, ಸಾಕು.”

ಅವರು ಬೇಸರದಲ್ಲಿದ್ದರೋ ಸಂತೋಷದಲ್ಲಿದ್ದರೋ ಈಗಲೂ ಗೊತ್ತಿಲ್ಲ.

ಬರುವಾಗ ಕಾರಿನಲ್ಲಿ ಇವರನ್ನು ಕೇಳಿದೆ, “ಅಲ್ಲಿ ಯಾಕೆ ನಕ್ಕಿದ್ದು? ಆ ದೃಶ್ಯ ಅಷ್ಟು ಕೆಟ್ಟದಾಗಿದೆ.”

“ಕೆಟ್ಟದಾ? ನನಗದು ಗೊತ್ತಾಗಲ್ಲ. ಅವಳು ಒಳಗಿಲ್ಲ ಅಂತ ತಿಳೀದೆ ಅವನು ಹೇಳ್ತಾನೇ ಇರ್ತಾನಲ್ಲ. ನನ್ನನ್ನೇ ನೋಡಿದ ಹಾಗಾಯ್ತು.”

“ನಿಮ್ಮನ್ನಾ?”

“ಮಗಳ ಕೋಣೆ ಬಾಗಿಲಲ್ಲಿ ನಿಂತು ನಾನು ಎಷ್ಟು ಸಲ ಹೀಗೇ ಮಾತಾಡಿದೀನಿ. ನಿನ್ನ ಬೆನ್ನು ಈ ಕಡೆಗಿರುತ್ತೆ, ಕಿವಿ ಮೇಲೆ ಹೆಡ್‌ಫೋನ್. ಹೇಳಿ ಮುಗಿಸಿದ ಮೇಲೆ ಗೊತ್ತಾಗುತ್ತೆ, ಇವಳಿಗೆ ಕೇಳೇ ಇಲ್ಲ ಅಂತ.” ಮತ್ತೆ ನಕ್ಕರು. ಕೊಂಕಿನ ನಗು ಆಗಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಆಗಿರಲಿಲ್ಲ.

“ಏನು ಹೇಳ್ತಿದ್ರಿ?”

“ನೆನಪಿಲ್ಲ. ಊಟಕ್ಕೆ ಬಾ ಅಂತಾನೇ ಇರ್ಬೇಕು ಹೆಚ್ಚು.” ಸಿಗ್ನಲ್ ಬಿತ್ತು. ಗೇರ್ ಬದಲಿಸಿ, ಮುಂದೆ ನೋಡುತ್ತಲೇ, “ವರ್ಗದ ವಿಷಯಾನೂ ಹಂಗೇ ಕೇಳಿದ್ದು. ಹೋಗಲಾ ಬೇಡವಾ, ನೀನೇ ಹೇಳು ಅಂತ. ನೀನು ಹೂಂ ಅಂದೆ,” ಎಂದರು.

“ನಾನಾ?”

“ತಲೆ ಆಡಿಸಿ ಹೂಂ ಅಂದೆ. ಸರಿ, ಇವಳಿಗೆ ಅಡ್ಡಿ ಇಲ್ಲ ಅಂದ್ಕೊಂಡೆ. ಆಮೇಲೆ ಆ ಭಾನುವಾರ ‘ಎಲ್ಲಿ’ ಅಂತ ಕೇಳಿದ್ಯಲ್ಲ, ಆಗ ಗೊತ್ತಾಯ್ತು. ಅಷ್ಟೊತ್ತಿಗೆ ಒಪ್ಪಿಗೆ ಕೊಟ್ಟಾಗಿತ್ತು.”

“ಆವತ್ತೇ ಯಾಕೆ ಹೇಳ್ಲಿಲ್ಲ?”

“ನೀನೂ ಏನೂ ಹೇಳ್ಲಿಲ್ವಲ್ಲ.”

ಹಿಂದಿನವರು ಹಾರ್ನ್ ಹೊಡೆದರು. ಸಿಗ್ನಲ್ ಬಿಟ್ಟಿತ್ತು.

“ನಾನು ಬೇಡ ಅಂದಿದ್ರೆ?” ಎಂದು ಕೇಳಿದೆ, ಮನೆ ಬಂದ ಮೇಲೆ, ಕಾರು ನಿಲ್ಲಿಸಿ ಇಬ್ಬರೂ ಇಳಿಯದೆ ಕೂತಿದ್ದಾಗ.

“ಬೇಡ ಅಂತಿದ್ದೆ ಆಫೀಸಿನವರಿಗೆ,” ಎಂದರು, ಅದರಲ್ಲಿ ಯೋಚಿಸುವುದೇನಿದೆ ಎಂಬಂತೆ.

ಏಪ್ರಿಲ್ 11, ಶುಕ್ರವಾರ

ಸಿನಿಮಾ ಬಿಡುಗಡೆ. ನಾನು ಯಾವ ಟಾಕೀಸಿಗೂ ಹೋಗಲಿಲ್ಲ. ಸಂಜೆಯ ಹೊತ್ತಿಗೆ ವಿಮರ್ಶೆಗಳು ಬಂದವು. ದೊಡ್ಡವರೇ ಫೋನ್ ಮಾಡಿ ಒಂದನ್ನು ಓದಿ ಹೇಳಿದರು: “‘ಒಂದು ಕಾಲದಲ್ಲಿ ಮೌನವನ್ನು ಮಾತಾಡಿಸಿದವರು ಈಗ ಮಾತಿನಿಂದ ನಮ್ಮ ಕಿವಿ ತೂತು ಮಾಡಿದ್ದಾರೆ.’ ಚೆನ್ನಾಗಿ ಬರೆದಿದ್ದಾನೆ, ಅಲ್ವಾ?”

“ಬಿಡಿ ಸರ್.”

“ನಿನ್ನ ಬಗ್ಗೆಯೂ ಇದೆ. ಸಂಕಲನ ಚುರುಕಾಗಿದೆಯಂತೆ.” ಆಮೇಲೆ, “ನಿನ್ನೆ ಬಾಗಿಲ ಹತ್ರ ನಕ್ಕರಲ್ಲ ಒಬ್ಬರು, ಯಾರು ಅವರು?” ಎಂದು ಕೇಳಿದರು. ಇಷ್ಟು ವರ್ಷವಾದರೂ ಇವರನ್ನು ಅವರಿಗೆ ಸರಿಯಾಗಿ ಪರಿಚಯ ಮಾಡಿಸಿಯೇ ಇಲ್ಲ.

“ನಮ್ಮನೆಯವರು ಸರ್.”

“ಓ,” ಎಂದರು. “ಒಬ್ಬರಾದ್ರೂ ಸಿಕ್ಕಿದ್ರಲ್ಲ.”

ಏಪ್ರಿಲ್ 13, ಭಾನುವಾರ

ನಾಳೆ ಬೆಳಿಗ್ಗೆ ಇವರ ರೈಲು. ಹೇಳಬೇಕಾದ್ದು ಬಹಳವಿತ್ತು. ದಿನವಿಡೀ ಹಿಂದೆ ಮುಂದೆ ಸುತ್ತಿ, ಚಳಿಯ ಊರಂತೆ, ಸ್ವೆಟರ್ ಮೇಲೇ ಇಡಿ ಎಂದೆ. ಇಟ್ಟರು.

ಏಪ್ರಿಲ್ 18, ಶುಕ್ರವಾರ

ದಿನವೂ ಸಂಜೆ ಇವರ ಫೋನ್. ಅಲ್ಲಿಯ ನೀರು ಗಡಸಂತೆ, ಬೇಳೆ ಬೇಯುವುದಿಲ್ಲವಂತೆ. ಶಾಖೆಯ ಮ್ಯಾನೇಜರನಿಗೆ ಲಿಫ್ಟ್ ಹತ್ತಲು ಭಯವಂತೆ. ಇಂದು ಇದನ್ನೆಲ್ಲ ಕೇಳುತ್ತ ಬಾಲ್ಕನಿಯಲ್ಲೇ ನಿಂತುಬಿಟ್ಟೆ. ಒಳಗೆ ಒಂದು ಜಾಹೀರಾತಿನ ಕೆಲಸ ಕಾಯುತ್ತಿತ್ತು. ಮನೆಯಲ್ಲಿದ್ದಾಗ ಇಷ್ಟು ಮಾತಾಡುತ್ತಿರಲಿಲ್ಲ ಇವರು. ಅಥವಾ ಆಡುತ್ತಿದ್ದರೋ ಏನೋ.

ಏಪ್ರಿಲ್ 27, ಭಾನುವಾರ

ನಿನ್ನೆ ಸಂಜೆ ಇವರ ಊರಿಗೆ ಬಂದೆ. ಬರುತ್ತೇನೆಂದು ಯಾವಾಗ ಹೇಳಿದೆ, ಟಿಕೆಟ್ ಯಾಕೆ ತೆಗೆದೆ, ಎಲ್ಲ ಗೊಂದಲ. ದೊಡ್ಡ ಕುಕ್ಕರನ್ನು ಚೀಲದಲ್ಲಿ ಹೊತ್ತು ತಂದದ್ದಂತೂ ನಿಜ. ನಿಲ್ದಾಣದಲ್ಲಿ ಅದನ್ನು ನೋಡಿ ಇವರು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು.

ಈ ಊರಿನ ಒಂದು ಟಾಕೀಸಿನಲ್ಲಿ ‘ಮೇಲ್ಮನೆ ಕೆಳಮನೆ’ ಇನ್ನೂ ಓಡುತ್ತಿದೆ. ಇಂದು ಬೆಳಗಿನ ಆಟಕ್ಕೆ ಹೋದೆವು. ಬೆರಳೆಣಿಕೆಯ ಜನ. ಹಿಂದೆ ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಒಂದು ಜೋಡಿ ಪರದೆಯ ಕಡೆ ನೋಡಲೇ ಇಲ್ಲ, ಅವರನ್ನು ದೂರುವಂತಿಲ್ಲ. ಸಿನಿಮಾ ಚೆನ್ನಾಗಿಲ್ಲ, ಅದರಲ್ಲಿ ಅನುಮಾನ ಉಳಿದಿಲ್ಲ. ಬಾಗಿಲಿನ ದೃಶ್ಯ ಈಗಲೂ ಉದ್ದವೇ. ಈ ಸಲ ಇವರು ನಗಲಿಲ್ಲ. ನಾನೂ ನಗಲಿಲ್ಲ. ಆದರೆ ಆ ಹುಡುಗ ಇನ್ನೂ ಸ್ವಲ್ಪ ಹೊತ್ತು ಮಾತಾಡಿದ್ದರೂ ಆಗುತ್ತಿತ್ತು ಅನ್ನಿಸಿತು, ಯಾಕೋ.

ಇವರಿರುವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ. ಇವರು ಲಿಫ್ಟಿನವರೆಂದು ಅಲ್ಲಿ ಯಾರಿಗೂ ಹೇಳಿಲ್ಲವಂತೆ. ಹೇಳಿದರೆ ದಿನವೂ ಬಾಗಿಲು ಬಡಿಯುತ್ತಾರಂತೆ. ಮೆಟ್ಟಿಲು ಹತ್ತುವಾಗ ಮೇಲಿನ ಮನೆಯಾಕೆ ಎದುರಾಗಿ, “ಈ ಲಿಫ್ಟ್ ಮಾಡಿದವರ ಕೈ ಸೇದಿಹೋಗ,” ಎಂದು ಶಾಪ ಹಾಕಿ ಇಳಿದುಹೋದಳು. ಇವರು ಬಹಳ ಗಂಭೀರವಾಗಿ, “ಹೌದಮ್ಮ, ತುಂಬ ಕಷ್ಟ,” ಎಂದರು. ನಾನು ಗೋಡೆ ಹಿಡಿದು ನಿಂತುಬಿಟ್ಟೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು, ಮುಂದೆ ಹತ್ತಲಾಗಲಿಲ್ಲ. “ಮೆಲ್ಲಗೆ, ಮೆಲ್ಲಗೆ, ಕೇಳಿಸುತ್ತೆ ಅವಳಿಗೆ,” ಎಂದು ಇವರು ನನ್ನ ತೋಳು ಹಿಡಿದುಕೊಂಡರು.

ಮಧ್ಯಾಹ್ನ ದೊಡ್ಡವರ ಫೋನ್ ಬಂತು. ಹೊಸ ಕಥೆಯೊಂದು ತಲೆಯಲ್ಲಿದೆಯಂತೆ, ಈಗಲೇ ಹೇಳಬೇಕಂತೆ. ತಟ್ಟೆ ಮುಂದಿತ್ತು. ಊಟ ಮಾಡ್ತಿದೀವಿ ಸರ್, ನಾಳೆ ಮಾಡ್ತೀನಿ ಎಂದೆ.

“ನಾಳೆ ಬೆಳಿಗ್ಗೆ ಅಲ್ವಾ ನಿನ್ನ ರೈಲು?” ಎಂದರು ಇವರು.

“ಬೆಳಗಿನದೇ ಆಗ್ಬೇಕು ಅಂತೇನಿಲ್ಲ.”

ಇವರ ಮೇಜಿನ ಮೇಲಿನ ಸ್ಪ್ಯಾನರುಗಳನ್ನು ಬದಿಗೆ ಸರಿಸಿ ಇದನ್ನು ಬರೆಯುತ್ತಿದ್ದೇನೆ. ಈ ಎರಡು ತಿಂಗಳಲ್ಲಿ ಏನಾಯಿತೆಂದು ಯಾರಾದರೂ ಕೇಳಿದರೆ ಹೇಳುವುದಕ್ಕೇನಿದೆ? ಒಂದು ಸಿನಿಮಾ ಸೋತಿತು, ಇವರಿಗೆ ವರ್ಗವಾಯಿತು. ಉಳಿದದ್ದು ನನಗೇ ಸರಿಯಾಗಿ ಗೊತ್ತಿಲ್ಲ. ಒಳಗಿನಿಂದ ಇವರು ಏನೋ ಕೇಳುತ್ತಿದ್ದಾರೆ. ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಎದ್ದು ಹೋಗಿ ಏನೆಂದು ಕೇಳಬೇಕು.